ಗೂಬೆಯ ಬಂಡಿ ಪರೀಕ್ಷೆ

ಪ್ರಾಣಿಪಕ್ಷಿಗಳೂ ಬಂಡಿ ಓಡಿಸಲು ಕಲಿಯುತ್ತಿದ್ದ ಕಾಲವದು. ಗೂಬೆಗೆ ಪರೀಕ್ಷೆಯ ಭಯವೇ ಇರಲಿಲ್ಲ. ತಿರುಗುವ ಮೊದಲು ರೆಕ್ಕೆ ಚಾಚಿ ಸನ್ನೆ ಮಾಡಬೇಕು, ಕತ್ತು ತಿರುಗಿಸಿ ಹಿಂದೆ ನೋಡಬೇಕು, ಅಷ್ಟೇ ತಾನೆ? ಕತ್ತಿನ ವಿಷಯದಲ್ಲಿ ತನ್ನನ್ನು ಮೀರಿಸುವವರು ಯಾರಿದ್ದಾರೆ ಎಂದು ಬೀಗುತ್ತಲೇ ಅದು ಬಂಡಿ ಹತ್ತಿತು.

ಪರೀಕ್ಷೆ ಮಾಡಲು ಬಂದದ್ದು ಒಂದು ಕುಂಟು ನಾಯಿ. "ಹುಣಸೆಮರದ ಹತ್ತಿರ ಬಲಕ್ಕೆ ತಿರುಗು" ಎಂದಷ್ಟೇ ಹೇಳಿ, ಅದು ಬಂಡಿಯ ಹಿಂದೆ, ಬಲಗಡೆಯ ಚರಂಡಿಯ ಅಂಚಿನಲ್ಲಿ ನಡೆದುಬಂತು.

ಮರ ಬಂತು. ಗೂಬೆ ರೆಕ್ಕೆಯನ್ನು ಪೂರ್ತಿ ಚಾಚಿತು. ಮುಖ ಬೆನ್ನಿನ ಕಡೆಗೆ ಬರುವಷ್ಟು ಕತ್ತು ತಿರುಗಿಸಿತು. ಬಿಸಿಲು ಕಣ್ಣಿಗೆ ಚುಚ್ಚುತ್ತಿದ್ದುದರಿಂದ ರೆಪ್ಪೆ ಮಾತ್ರ ತೆರೆಯಲಿಲ್ಲ. ಬಂಡಿ ಗಿರ್ರನೆ ಬಲಕ್ಕೆ ಹೊರಳಿತು.

ಸ್ವಲ್ಪ ಹೊತ್ತಿನ ಮೇಲೆ ನಾಯಿ ಮೈಯೆಲ್ಲ ಕೆಸರಾಗಿ ಚರಂಡಿಯಿಂದ ಎದ್ದು ಬಂತು.

"ತಿರುಗುವಾಗ ಹಿಂದೆ ಯಾರಿದ್ದರು?"

"ಯಾರೂ ಇರಲಿಲ್ಲ, ಸ್ವಾಮಿ."

"ನಾನಿದ್ದೆ."

ಗೂಬೆ ಮುಖ ಊದಿಸಿಕೊಂಡಿತು. "ಸನ್ನೆ ಮಾಡಿದೆನಲ್ಲ, ಸ್ವಾಮಿ. ತಾವು ಸರಿದುಕೊಳ್ಳಬಹುದಿತ್ತು."

ನಾಯಿ ತನ್ನ ಕುಂಟುಗಾಲನ್ನು ಮುಂದಕ್ಕೆ ಚಾಚಿ ತೋರಿಸಿತು.

"ನಿನ್ನ ಸನ್ನೆ ಚೆನ್ನಾಗಿಯೇ ಇತ್ತು. ಇದರ ಮೇಲೆ ಬಂಡಿ ಹತ್ತಿಸಿದವನೂ ಚೆನ್ನಾಗಿಯೇ ಸನ್ನೆ ಮಾಡಿದ್ದ."