ರಾಣಿಯ ಪಾವಿನ ತೂಕ

“ಕೇಳಿರಪ್ಪೋ ಕೇಳಿ! ತೀರಿಹೋದ ರಾಣಿ ಜಾಕಲದೇವಿಯವರ ತಂಬಿಟ್ಟನ್ನು ಅದೇ ಹದದಲ್ಲಿ ಮಾಡಬಲ್ಲವರು ಅರಮನೆಗೆ ಬರಲಿ. ಮೊದಲು ದೊರೆಯ ಮೂರು ಒಗಟು ಬಿಡಿಸಬೇಕು. ಗೆದ್ದವರು ಕೇಳಿದ್ದು ಸಿಗುವುದು, ಸೋತವರ ತಲೆ ಹೋಗುವುದು!”

ಕಂಚಿನಾಡಿನಲ್ಲಿ ಹೀಗೆ ಡಂಗುರ ಸಾರಿದರು. ರಾಣಿಯ ಕೈಬರಹದ ಓಲೆಯೇನೋ ಇತ್ತು: ಹುರಿದ ಅಕ್ಕಿಯ ಹಿಟ್ಟು ಎರಡು ಪಾವು, ಬೆಲ್ಲ ಒಂದು ಪಾವು, ತುಪ್ಪ ಅರ್ಧ ಪಾವು. ಆದರೆ ಅಳೆಯುವ ಪಾವೇ ಇರಲಿಲ್ಲ. ಅಂಗಡಿಯವರು ಅಳೆಯುವಾಗ ಮೋಸ ಮಾಡುತ್ತಾರೆಂದು ಮಾರಭೂಪ ದೊರೆ ಸಿಟ್ಟಿನಲ್ಲಿ ನಾಡಿನ ಪಾವುಗಳನ್ನೆಲ್ಲ ಕರಗಿಸಿಬಿಟ್ಟಿದ್ದ. ಇನ್ನು ಮೇಲೆ ತಕ್ಕಡಿಯೊಂದೇ. ಪಾವು ಇಟ್ಟುಕೊಂಡವರಿಗೆ ಮರಣದಂಡನೆ. ರಾಣಿಯ ಪಾವೂ ಆ ಬೆಂಕಿಗೇ ಹೋಗಿತ್ತು. ಒಂದು ಪಾವು ಅಕ್ಕಿ ಇಪ್ಪತ್ತು ತೊಲ ತೂಗುತ್ತಿದ್ದುದರಿಂದ ಬಾಣಸಿಗರು ಹಿಟ್ಟನ್ನೂ ಬೆಲ್ಲವನ್ನೂ ಅದೇ ಲೆಕ್ಕದಲ್ಲಿ ತೂಗಿದರು. ತಂಬಿಟ್ಟು ಕಲ್ಲಾಯಿತು.

ಮೊದಲು ಬಂದವನು ಬಾಣಸಿಗ ತಿಪ್ಪಾಜಿ.

“ಒಂದು ಪಾವು ಒಳಗೆ ಹೋಗುತ್ತದೆ, ಒಂದೂವರೆ ಪಾವಾಗಿ ಹೊರಗೆ ಬರುತ್ತದೆ. ತೂಕ ಮಾತ್ರ ಎಳ್ಳಷ್ಟೂ ಹೆಚ್ಚುವುದಿಲ್ಲ. ಏನದು?” ಎಂದ ದೊರೆ. ಊಟಕ್ಕೆ ಕೂತಾಗ ರಾಣಿ ಅವನಿಗೆ ಹಾಕುತ್ತಿದ್ದ ಒಗಟದು.

“ಉಕ್ಕುವ ಹಾಲು, ಪ್ರಭು.”

“ಉರಿ ಆರಿದರೆ ಹಾಲು ಇಳಿಯುತ್ತದಲ್ಲ!” ತಿಪ್ಪಾಜಿ ಸೆರೆಮನೆ ಸೇರಿದ.

ಆಮೇಲೆ ಬಂದ ವ್ಯಾಪಾರಿ ಬಸವಿಸೆಟ್ಟಿ ಅದನ್ನು ಬಿಡಿಸಿದನಾದರೂ ಎರಡನೆಯದಕ್ಕೆ ಎಡವಿದ. “ಅದೇ ಹಿಟ್ಟು, ಅದೇ ಪಾವು, ತುಂಬಿದ್ದೂ ಕಂಠದವರೆಗೇ. ನಿನ್ನೆಯ ತೂಕ ಇಂದಿಲ್ಲ. ಕದ್ದವರು ಯಾರು?”

“ಬಿಸಿಲು, ಪ್ರಭು. ಹಿಟ್ಟಿನ ತೇವ ಹೀರಿತು.”

“ಎರಡು ದಿನವೂ ಬಿಸಿಲಲ್ಲಿ ಒಣಗಿದ ಹಿಟ್ಟು!” ಸೆಟ್ಟಿಯೂ ಸೆರೆಯಾದ. ಮರುದಿನ ಇಬ್ಬರ ತಲೆಯೂ ಹೋಗಬೇಕಿತ್ತು.

ಆಗ ಬಂದವಳು ಚಿಕ್ಕತಾಯಿ, ಮನೆಮನೆಗೆ ಹಿಟ್ಟು ಬೀಸಿಕೊಟ್ಟು ಬದುಕುವ ಹೆಣ್ಣು.

“ಮೊದಲನೆಯದು ಬೀಸುವ ಕಲ್ಲಿಗೆ ಹಾಕಿದ ಅಕ್ಕಿ, ಬುದ್ಧೀ. ಹಿಟ್ಟಾದರೆ ಅರಳಿಕೊಳ್ಳುತ್ತೆ, ಭಾರ ಅಷ್ಟೇ ಇರುತ್ತೆ. ಎರಡನೆಯದರ ಕಳ್ಳ ತುಂಬಿದ ಕೈ. ನಿನ್ನೆ ಕುಟ್ಟಿ ಒತ್ತಿ ತುಂಬಿತು, ಇವತ್ತು ಹಗುರಕ್ಕೆ ಸುರಿಯಿತು.”

ದೊರೆಯ ದನಿ ತಗ್ಗಿತು. “ಹಾಗಾದರೆ ಕೊನೆಯದು. ನನ್ನ ರಾಣಿಯ ಎರಡು ಪಾವು ಹಿಟ್ಟಿಗೆ ಎಷ್ಟು ತೊಲ? ಪಾವೂ ಇಲ್ಲ, ಅವಳೂ ಇಲ್ಲ.”

ಚಿಕ್ಕತಾಯಿ ಮಡಿಲಿನಿಂದ ಅರಮನೆ ಮುದ್ರೆಯ ಹಿತ್ತಾಳೆ ಪಾವೊಂದನ್ನು ತೆಗೆದಳು. ಕಾವಲಿನವನ ಕತ್ತಿ ಒರೆಯಿಂದ ಹೊರಬಂತು.

“ನಮ್ಮವ್ವಂದು ಬುದ್ಧೀ, ಬೆಂಕಿಗೆ ಕೊಡೋಕೆ ಮನಸ್ಸಾಗಲಿಲ್ಲ. ಎಲ್ಲಾ ಪಾವೂ ಒಂದೇ ಅಚ್ಚಿನವು. ಕೊಲ್ಲೋದಾದರೆ ಆಮೇಲೆ ಕೊಲ್ಲಿ. ರಾಣಿಯಮ್ಮ ಹಿಟ್ಟು ಹೇಗೆ ತುಂಬುತ್ತಿದ್ದರು, ಅದನ್ನು ಮೊದಲು ಹೇಳಿ.”

ದೊರೆ ಕೈಯೆತ್ತಿ ಕತ್ತಿಯನ್ನು ತಡೆದ. ಕಣ್ಣು ಮುಚ್ಚಿಕೊಂಡು ನೆನಪಿಸಿಕೊಂಡ. “ಜರಡಿ ಹಿಡಿಯುತ್ತಿದ್ದಳು. ಮುಂಗೈ ಬಳೆಗಳಿಗೆಲ್ಲ ಹಿಟ್ಟು. ಪಾವನ್ನು ಕುಟ್ಟುತ್ತಿರಲಿಲ್ಲ. ತೋರುಬೆರಳಿಂದ ಮೇಲೆ ಸವರಿ, ಆ ಬೆರಳನ್ನು ನನ್ನ ಮೂಗಿಗೆ ಒರೆಸುತ್ತಿದ್ದಳು.”

ಚಿಕ್ಕತಾಯಿ ಹಾಗೆಯೇ ಜರಡಿ ಹಿಡಿದು, ಸವರಿ, ತಕ್ಕಡಿಗೆ ಸುರಿದಳು. ಪಾವಿಗೆ ಹನ್ನೆರಡೇ ತೊಲ. “ಎರಡು ಪಾವಿಗೆ ಇಪ್ಪತ್ನಾಲ್ಕು, ಬುದ್ಧೀ. ಬಾಣಸಿಗರು ಹಾಕಿದ್ದು ನಲವತ್ತು.” ಬೆಲ್ಲದ ಪುಡಿ ಹತ್ತೊಂಬತ್ತು ತೂಗಿತು, ಅರ್ಧ ಪಾವು ತುಪ್ಪ ಹನ್ನೊಂದು.

ತಂಬಿಟ್ಟು ಬಾಯಲ್ಲಿ ಕರಗಿತು. ದೊರೆ ಇನ್ನೊಂದಕ್ಕೆ ಅಂಗೈ ಚಾಚಿದ.

“ಏನು ಬೇಕು ಕೇಳಮ್ಮ.”

“ಸೆರೆಯಲ್ಲಿರುವ ಇಬ್ಬರನ್ನೂ ಬಿಟ್ಟುಬಿಡಿ. ಹೆಂಗಸರಿಗೆ ಪಾವು ಇಟ್ಟುಕೊಳ್ಳೋಕೆ ಬಿಡಿ.”

ದೊರೆ ಎರಡಕ್ಕೂ ಒಪ್ಪಿ, ಕೆರೆ ಕೆಳಗೊಂದು ಗದ್ದೆಯನ್ನು ಅವಳಿಗೆ ಉಂಬಳಿಯಾಗಿ ಬರೆಸಿದ. ಅವಳ ಮನೆಯ ದಾರಿಯಲ್ಲಿ ಹೋದಾಗಲೆಲ್ಲ ಜಗಲಿಯ ಮೇಲೆ ಕೂರುತ್ತಿದ್ದ. ಅವಳು ಬೀಸುತ್ತಿದ್ದಳು, ಅವನು ಜಾಕಲದೇವಿಯ ಸುದ್ದಿ ಹೇಳುತ್ತಿದ್ದ. ಅರಮನೆಯಲ್ಲಿ ಅದನ್ನು ಕೇಳುವವರು ಯಾರೂ ಉಳಿದಿರಲಿಲ್ಲ.