ಬೇಲಿಯಾಚೆಯ ಚಹಾ

ಹೆದ್ದಾರಿ ಬಂದರೆ ಊರು ಉದ್ಧಾರವಾಗುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಹೊಸ ಹೆದ್ದಾರಿಯ ಅಧಿಕಾರಿ ಚಹಾದಂಗಡಿಯ ನೀಲವ್ವನಿಗೆ ಫೋನ್ ಮಾಡಿದ.

"ರಸ್ತೆಯಿಂದ ವ್ಯಾಪಾರ ಎರಡು ಪಟ್ಟಾಗೈತಿ ಅಂತ ಬರದು ಸಹಿ ಹಾಕಿಕೊಡು. ಇಲ್ಲಂದ್ರ ಅಂಗಡಿ ಎತ್ತಸ್ತೀನಿ."

"ಆತ್ರೀ ಸಾಹೇಬ್ರ. ನಾಳೆ ನೀವ ಬಂದು, ಚಾ ಕುಡದು, ಕಾಗದ ಒಯ್ರಿ."

ಮರುದಿನ ಹೆದ್ದಾರಿಯಲ್ಲಿ ಜೀಪು ಬಂತು. ನೀಲವ್ವ ರಸ್ತೆಯುದ್ದಕ್ಕೂ ಹಾಕಿದ್ದ ಬೇಲಿಯಾಚೆ, ಅಂಗಡಿಯ ಮುಂದೆ ನಿಂತು ಕಾಗದ ತೋರಿಸಿ ಕೈಬೀಸಿದಳು. ಅಧಿಕಾರಿಯೂ ಕೈಬೀಸಿದ. ಜೀಪು ಮುಂದೆ ಹೋಯಿತು. ಮುಕ್ಕಾಲು ಗಂಟೆಯ ನಂತರ ಎದುರು ದಿಕ್ಕಿನಿಂದ ವಾಪಸ್ ಬಂತು. ಈ ಸಲ ಆತ ಕೈಬೀಸಲಿಲ್ಲ.

ಮೂರನೆಯ ಸುತ್ತಿಗೆ ಫೋನ್ ಬಂತು. "ಏನವ್ವಾ, ನಿನ್ನ ಅಂಗಡಿಗೆ ಬರೂದು ಹೆಂಗ?"

"ಗಿರಾಕಿಗಳೂ ಅದನ್ನ ಕೇಳ್ತಾರ್ರೀ."

ಅಂಗಡಿ ಎತ್ತಿಸಲು ಯಾರೂ ಬರಲಿಲ್ಲ. ಆ ಹೆದ್ದಾರಿಯಿಂದ ಊರಿಗೆ ಇಳಿಯುವ ದಾರಿಯೇ ಇರಲಿಲ್ಲ.