ತುಪ್ಪಳ ಬಿಟ್ಟು ಓಡಿದ ಮೊರಗಿವಿ

ಅಳೋದು ಆಮೇಲಿರಲಿ, ಮೊದಲು ಮುಷ್ಟಿ ಬಿಚ್ಚು. ಏನದು? ತುಪ್ಪಳ! ಒಂದು ಹಿಡಿ! ಅಲ್ಲಿ ಗೂಡಿನ ಮೂಲೆಯಲ್ಲಿ ಚಿಂಚಿಲ್ಲಾ ಮುದುರಿಕೊಂಡು ಕೂತಿದೆ, ಬೆನ್ನ ಮೇಲೆ ಬೋಳು ಮಚ್ಚೆ. ಇಲ್ಲಿ ನೀನು ಮುಖ ಊದಿಸಿಕೊಂಡು ಕೂತಿದ್ದೀಯ. "ನಾನೇನೂ ಮಾಡಿಲ್ಲ ಅಜ್ಜಿ, ಎತ್ತಿಕೊಂಡು ಮುದ್ದು ಮಾಡಿದೆ ಅಷ್ಟೇ" ಅಂತೀಯ. ಹೂಂ. ಬರೀ ಮುದ್ದಿಗೆ ಯಾರೂ ಮೈಮೇಲಿನದನ್ನ ಬಿಟ್ಟು ಓಡಲ್ಲ ಕಣೇ. ನನಗ್ಯಾಕೋ ಅನುಮಾನ.

ಇಲಿ ಜಾತಿಯದಾದರೂ ಮೊಲದ ಹಾಗೆ ಮೆತ್ತಗಿರೋ ಈ ಚಿಂಚಿಲ್ಲಾನ ನಿನ್ನ ಚಿಕ್ಕಮ್ಮ ಅಂಗಡಿಯಲ್ಲಿ ಕೊಂಡು ತಂದವಳಲ್ಲ, ಗೊತ್ತು ತಾನೇ? ತುಪ್ಪಳಕ್ಕೋಸ್ಕರ ಇವನ್ನ ಸಾಕುತ್ತಿದ್ದ ಒಂದು ಜಾಗ ಮುಚ್ಚಿಹೋಯಿತು. ಅಲ್ಲಿ ಉಳಿದಿದ್ದವನ್ನು ಅವಳೂ ಅವಳ ಪ್ರಾಣಿ ಆಸ್ಪತ್ರೆಯವರೂ ಬಿಡಿಸಿಕೊಂಡು ಬಂದು, ಒಂದೊಂದಕ್ಕೂ ಮನೆ ಹುಡುಕುತ್ತಿದ್ದಾರೆ. ಇದನ್ನ ನಮಗೆ ಕೊಟ್ಟಿದ್ದು ಹದಿನೈದು ದಿನಕ್ಕೆ. ಅದು ನಿನ್ನ ಹತ್ತಿರ ಹೆದರದೆ ಇದ್ದರೆ ಇಲ್ಲೇ ಇರುತ್ತೆ. ಇಲ್ಲದಿದ್ದರೆ ಭಾನುವಾರ ಬಂದು ಬೇರೆ ಮನೆಗೆ ಕೊಡ್ತಾಳೆ. ಇವತ್ತು ಆಗಲೇ ಶುಕ್ರವಾರ.

ಮೂಗು ಒರೆಸಿಕೋ. ಆ ತುಪ್ಪಳ ಯಾಕೆ ಕೈಗೆ ಬಂತು ಅಂತ ಹೇಳ್ತೀನಿ. ಮಧ್ಯ ಬಾಯಿ ಹಾಕಬೇಡ.

ಲೋಕ ಆಗ ಇನ್ನೂ ಹೊಸದು. ಬೆಟ್ಟಗಳ ಮೈ ಬಿಸಿ ಆರಿರಲಿಲ್ಲ. ಯಾವ ಕಡೆ ಹರಿಯಬೇಕು ಅಂತ ಹೊಳೆಗಳಿಗೆ ಗೊತ್ತಾಗಿರಲಿಲ್ಲ. ದೂರದ ಒಂದು ಕಲ್ಲುಬೆಟ್ಟದಲ್ಲಿ ಚಿಂಚಿಲ್ಲಾಗಳಿದ್ದವು. ಆಗ ಅವೂ ಎಲ್ಲರ ಹಾಗೆ ನೀರಿನಲ್ಲೇ ಮೀಯುತ್ತಿದ್ದವು. ಅವುಗಳ ತುಪ್ಪಳವೂ ಗಟ್ಟಿ. ಎಷ್ಟು ಎಳೆದರೂ ಒಂದು ಕೂದಲು ಬರುತ್ತಿರಲಿಲ್ಲ.

ಆ ಬೆಟ್ಟದ ತುದಿಯಲ್ಲಿ ಚಳಿಯಪ್ಪ ಅಂತ ಒಬ್ಬ ಇದ್ದ. ಲೋಕಕ್ಕೆಲ್ಲ ಚಳಿ ಹಂಚುವವನು ಅವನೇ. ತಮಾಷೆ ನೋಡು, ಅವನಿಗೇ ಚಳಿ ತಡೆಯಲು ಆಗುತ್ತಿರಲಿಲ್ಲ. ಹಗಲೂ ರಾತ್ರಿ ಹಲ್ಲು ಕಟಕಟ ಕಟಕಟ.

ಒಂದು ದಿನ ಅವನು ಕೆಳಗಿಳಿದು ಬಂದು ಚಿಂಚಿಲ್ಲಾಗಳ ಹತ್ತಿರ ಬೆಣ್ಣೆಯಂಥ ಮಾತಾಡಿದ. "ಮಕ್ಕಳೇ, ಈ ಬೆಟ್ಟದಲ್ಲಿ ನರಿ ಇದೆ, ಹದ್ದು ಇದೆ. ನನ್ನ ಜೊತೆ ಬನ್ನಿ. ಹೊತ್ತಿಗೆ ಸರಿಯಾಗಿ ಹುಲ್ಲು ಹಾಕ್ತೀನಿ. ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕೊಡ್ತೀನಿ."

ಹೋದವು, ಪಾಪ. ಕೋಣೆ ಅಂದರೆ ಏನು ಗೊತ್ತಾ? ಮುಳ್ಳುಬಳ್ಳಿಯಲ್ಲಿ ಹೆಣೆದ ಪೆಟ್ಟಿಗೆ. ಒಂದರ ಮೇಲೊಂದು, ಒಂದರ ಮೇಲೊಂದು, ಸಾಲು ಸಾಲು. ಅಲ್ಲೇ ಮರಿಗಳು ಹುಟ್ಟಿದವು. ಆ ಮರಿಗಳಿಗೆ ಮರಿಗಳು ಹುಟ್ಟಿದವು. ಬೆಟ್ಟ ಅಂದರೆ ಏನು ಅನ್ನೋದೇ ಎಲ್ಲರಿಗೂ ಮರೆತುಹೋಯಿತು.

ಆ ಪೆಟ್ಟಿಗೆಗಳಲ್ಲಿ ಹುಟ್ಟಿದವಳು ಮೊರಗಿವಿ. ಮೊರದ ಹಾಗೆ ಅಗಲ ಕಿವಿ ಅವಳಿಗೆ, ಅದಕ್ಕೆ ಆ ಹೆಸರು. ಪಕ್ಕದ ಪೆಟ್ಟಿಗೆಯಲ್ಲಿ ಅವಳ ತಂಗಿ ಬೂದಿ. ಇಬ್ಬರೂ ಮುಳ್ಳಿನ ಸಂದಿಯಲ್ಲಿ ಮೂಗಿಗೆ ಮೂಗು ತಾಗಿಸಿಕೊಂಡು ಮಲಗುತ್ತಿದ್ದರು.

ದಿನಾ ಬೆಳಿಗ್ಗೆ ಚಳಿಯಪ್ಪ ಬರುತ್ತಿದ್ದ. ಹುಲ್ಲು ಹಾಕುತ್ತಿದ್ದ. ಆಮೇಲೆ ಒಬ್ಬೊಬ್ಬರನ್ನೇ ಎತ್ತಿ, ಬೆನ್ನಿನ ಹತ್ತಿರ ಬಾಯಿ ತಂದು 'ಫೂ' ಅಂತ ಊದುತ್ತಿದ್ದ. ತುಪ್ಪಳ ಹೂವಿನ ಹಾಗೆ ಅರಳುತ್ತಿತ್ತು. ಬುಡದಲ್ಲಿ ಎಷ್ಟು ದಟ್ಟ ಇದೆ ಅಂತ ಇಣುಕಿ ನೋಡಿ, "ಇನ್ನೂ ಬೆಳೀಲಿ" ಅಂತ ಒಳಗೆ ಬಿಡುತ್ತಿದ್ದ. ಒಂದೊಂದು ದಿನ ಯಾರನ್ನೋ ಊದಿ ನೋಡಿ "ಆಯ್ತು" ಅನ್ನುತ್ತಿದ್ದ. ಅವರನ್ನು ಬೆಟ್ಟದ ತುದಿಗೆ ಕರೆದುಕೊಂಡು ಹೋಗುತ್ತಿದ್ದ. ಹೋದವರು ಒಬ್ಬರೂ ತಿರುಗಿ ಬರಲಿಲ್ಲ.

"ಎಷ್ಟು ಪ್ರೀತಿ ನೋಡಕ್ಕಾ ಅವನಿಗೆ, ದಿನಾ ಎತ್ತಿಕೊಳ್ತಾನೆ" ಅಂತಿದ್ದಳು ಬೂದಿ.

"ಪ್ರೀತಿ ಇದ್ದವರು ಮುಖ ನೋಡ್ತಾರೆ. ಇವನು ಬರೀ ಬೆನ್ನು ನೋಡ್ತಾನೆ" ಅಂದಳು ಮೊರಗಿವಿ.

"ಅನುಮಾನದ ಪಿಶಾಚಿ ಕಣೇ ನೀನು! ಕೂತಲ್ಲಿಗೆ ಹುಲ್ಲು ಬಂದರೂ ಕೊಂಕು" ಅಂತ ಮೇಲಿನ ಪೆಟ್ಟಿಗೆಯವರು ಬೈದರು.

ಮೊರಗಿವಿಗೆ ಸಮಾಧಾನ ಆಗಲಿಲ್ಲ. ಸಂದಿಯಲ್ಲಿ ನುಸುಳಿ ಬಂದ ಗಾಳಿಯನ್ನು ಕೇಳಿದಳು, "ಮೇಲೆ ಹೋದವರು ಏನಾದರು?"

"ನನಗೇನು ಗೊತ್ತು? ಅವನು ನನ್ನ ಮುಖದ ಮೇಲೇ ಬಾಗಿಲು ಹಾಕ್ತಾನೆ" ಅಂದಿತು ಗಾಳಿ.

ಕೆಳಗೆ ಹರಿಯುತ್ತಿದ್ದ ಹೊಳೆಯನ್ನು ಕೇಳಿದಳು. ಹೊಳೆ ಮೆಲ್ಲಗೆ, "ಅವನು ನನ್ನ ದಡದಲ್ಲಿ ಏನೋ ತೊಳೀತಾನಮ್ಮಾ. ಏನು ಅಂತ ನಾನು ಕೇಳಲ್ಲ" ಅಂದು ಬೇಗ ಬೇಗ ಮುಂದೆ ಹೋಯಿತು. ಅವತ್ತಿನಿಂದ ಅವಳು ಯಾರನ್ನೂ ನಂಬಲಿಲ್ಲ.

ಒಂದು ಮಧ್ಯಾಹ್ನ ಧೂಳಜ್ಜಿ ಬಂದಳು. ಧೂಳಿನ ಅಜ್ಜಿ ಅವಳು. ಅವಳನ್ನು ಯಾರ ಮನೆಯಲ್ಲೂ ಸೇರಿಸುವುದಿಲ್ಲ, ಕಂಡ ಕೂಡಲೇ ಪೊರಕೆ ತಗೊಂಡು ಅಟ್ಟುವವರೇ ಎಲ್ಲ. ಆದರೆ ಅವಳು ನುಗ್ಗದ ಸಂದಿ ಲೋಕದಲ್ಲಿ ಇಲ್ಲ. ಪೆಟ್ಟಿಗೆಗಳ ಬಾಗಿಲ ಬಳ್ಳಿಯನ್ನೆಲ್ಲ ಸದ್ದಿಲ್ಲದೆ ಬಿಚ್ಚಿ, ಎಲ್ಲರನ್ನೂ ಕರೆಯಲು ಕೈಯಲ್ಲಿ ಒಂದು ಹಿಡಿ ಹುಲ್ಲು ಹಿಡಿದು ನಿಂತಳು. "ಬನ್ನಿ, ಬನ್ನಿ, ಹೊರಗೆ ಹೋಗೋಣ" ಅಂದಳು.

ಬೂದಿ ಒಂದು ಕಾಲು ಹೊರಗಿಟ್ಟೇಬಿಟ್ಟಳು. ಆದರೆ ಮೊರಗಿವಿ ಕಂಡಿದ್ದು ಹುಲ್ಲು. ಚಳಿಯಪ್ಪ ತರುವ ಅದೇ ಹುಲ್ಲು. "ಇವಳೂ ಅವನ ಕಡೆಯವಳು! ಒಳಗೆ ಹೋಗಿ!" ಅಂತ ಹಿಂಗಾಲ ಮೇಲೆ ನಿಂತು ಕೂಗಿದಳು. ಎಲ್ಲರೂ ಗಾಬರಿಯಿಂದ ಮೂಲೆ ಸೇರಿದರು. ಆ ಕೂಗಿಗೆ ಚಳಿಯಪ್ಪ ದಡದಡ ಇಳಿದು ಬಂದ. ಧೂಳಜ್ಜಿ ನೆಲಕ್ಕೆ ಒರಗಿ ಯಾರಿಗೂ ಕಾಣದ ಹಾಗಾದಳು.

ಬಂದವನು ಸುಮ್ಮನೆ ಹೋದನೇ? ಬಾಗಿಲ ಹತ್ತಿರವೇ ಇದ್ದ ಬೂದಿಯನ್ನು ಎತ್ತಿದ. ಫೂ ಅಂತ ಊದಿದ. "ಆಯ್ತು" ಅಂದ.

ಮಾರನೇ ದಿನ ಬೆಳಿಗ್ಗೆ ಅವನ ಕೊರಳಿಗೆ ಬೂದು ಬಣ್ಣದ ಮೆತ್ತನೆಯ ಪಟ್ಟಿ ಇತ್ತು. ಅವನ ಹಲ್ಲು ಕಟಕಟ ಅನ್ನುತ್ತಿರಲಿಲ್ಲ.

ಮೊರಗಿವಿ ಆ ಪಟ್ಟಿಯನ್ನು ನೋಡಿದಳು. ಅದರ ವಾಸನೆ ಅವಳಿಗೆ ಗೊತ್ತಿತ್ತು. ಅವಳು ಹುಲ್ಲು ಮುಟ್ಟಲಿಲ್ಲ. "ನಾನು ಕೂಗದಿದ್ದರೆ ಅವಳು ಇರುತ್ತಿದ್ದಳು. ನಾನೇ ಕೂಗಿದೆ, ನಾನೇ ಕೂಗಿದೆ" ಅಂತ ಖಾಲಿ ಪೆಟ್ಟಿಗೆಯ ಕಡೆ ಮೂಗು ಚಾಚಿಕೊಂಡು ಅತ್ತಳು. ಆ ಸಂಕಟ ಯಾರಿಗೂ ಬೇಡ ಕಂದಾ.

ಅವತ್ತೇ ಮಧ್ಯಾಹ್ನ ಧೂಳಜ್ಜಿ ಮತ್ತೆ ಬಂದು ಬಾಗಿಲ ಬಳ್ಳಿಗಳನ್ನು ಬಿಚ್ಚಿದಳು. ಇಷ್ಟಾದ ಮೇಲೂ ಮೊರಗಿವಿಗೆ ನಂಬಿಕೆ ಬರಲಿಲ್ಲ ನೋಡು. "ಯಾಕೆ ಬಂದೆ? ನಿನಗೂ ತುಪ್ಪಳ ಬೇಕಾ?" ಅಂದಳು.

"ತುಪ್ಪಳ ತಗೊಂಡು ನಾನೇನು ಮಾಡಲಿ? ನನಗೆ ಕೂರೋಕೆ ಒಂದು ಜಾಗ ಸಿಕ್ಕಿದರೆ ಸಾಕು. ಎಲ್ಲರೂ ಗುಡಿಸಿ ಹಾಕ್ತಾರೆ."

"ಹತ್ತಿರ ಬರಬೇಡ!"

ಧೂಳಜ್ಜಿ ದೂರ ಹೋದಳು.

"ಇನ್ನೂ ದೂರ!"

ಇನ್ನೂ ದೂರ ಹೋದಳು. ಅಲ್ಲಿ ಕೂತು, ಅಂಗೈ ಮೇಲೆ ಮಾಡಿ ನೆಲದ ಮೇಲಿಟ್ಟುಕೊಂಡು ಕಾದಳು.

ಮೊರಗಿವಿಯ ಮೀಸೆ ಅಲುಗಿತು. ಇದೇನಿದು? ಬೇಡ ಅಂದಾಗ ಚಳಿಯಪ್ಪ ಒಂದು ದಿನವಾದರೂ ದೂರ ಹೋಗಿದ್ದನೇ? ಅವಳು ಒಂದು ಹೆಜ್ಜೆ ಬಂದಳು. ಮೂಸಿದಳು. ವಾಪಸ್ ಓಡಿದಳು. ಅಂಗೈ ಅಲುಗಲಿಲ್ಲ. ಮತ್ತೆ ಬಂದಳು, ಬೆರಳನ್ನು ಮೆಲ್ಲಗೆ ಕಚ್ಚಿ ನೋಡಿದಳು, ಮತ್ತೆ ಓಡಿದಳು. ಅಂಗೈ ಅಲುಗಲಿಲ್ಲ. ಮತ್ತೊಂದು ಸಲ ಬಂದವಳು ಸೀದಾ ಹತ್ತಿ ಹೋಗಿ ಧೂಳಜ್ಜಿಯ ಮಡಿಲಲ್ಲಿ ಬಿದ್ದು, ಬೂದಿಯನ್ನು ನೆನೆಸಿಕೊಂಡು ಹೊರಳಿ ಹೊರಳಿ ಅತ್ತಳು. ಧೂಳು ಅವಳ ತುಪ್ಪಳದ ಬುಡಬುಡಕ್ಕೂ ಇಳಿಯಿತು.

ಆಮೇಲೆ ಮೊರಗಿವಿ ಮೆಲ್ಲಗೆ ಕೂಗಿದಳು. "ಬನ್ನಿ. ಇವಳು ಪರವಾಗಿಲ್ಲ. ನಾನು ಮೂಸಿ ನೋಡಿದ್ದೀನಿ."

ಅನುಮಾನದ ಪಿಶಾಚಿಯೇ ಹೀಗಂದ ಮೇಲೆ ಇನ್ನೇನು? ಎಲ್ಲರೂ ಹೊರಬಿದ್ದು ಧೂಳಜ್ಜಿಯ ಮಡಿಲಲ್ಲಿ ಒಂದೊಂದು ಸಲ ಹೊರಳಿ ಓಡಿದರು. ಮೊರಗಿವಿ ಎಲ್ಲರನ್ನೂ ಮುಂದೆ ಬಿಟ್ಟು ಹಿಂದೆ ಉಳಿದಳು. ಆಗ ಬಂದ ನೋಡು ಚಳಿಯಪ್ಪ! ಹಿಂದಿನಿಂದ ಅವಳ ಬೆನ್ನು ಗಬಕ್ಕನೆ ಹಿಡಿದ. ಬಾಯಿ ಹತ್ತಿರ ತಂದ.

"ಬಿಟ್ಟುಬಿಡು ತುಪ್ಪಳಾನ!" ಅಂತ ಧೂಳಜ್ಜಿ ಕಿರುಚಿದಳು. "ಬುಡ ಸಡಿಲ ಮಾಡಿದ್ದೀನಿ! ಅವನಿಗೆ ಬೇಕಾಗಿದ್ದು ಅದು ತಾನೇ? ಅದನ್ನ ಅವನಿಗೇ ಕೊಟ್ಟು ನೀನು ಬಾ!"

ಮೊರಗಿವಿ ಮೈ ಕೊಡವಿದಳು. ಹಿಡಿ ತುಪ್ಪಳ ಅವನ ಮುಷ್ಟಿಯಲ್ಲಿ ಉಳಿಯಿತು. ಮೊರಗಿವಿ ಉಳಿಯಲಿಲ್ಲ. ಹಾಳಾದವನು ಫೂ ಅಂತ ಊದಿದ್ದಕ್ಕೆ ಆ ಒಂದು ಹಿಡಿಯೂ ಗಾಳಿಗೆ ಹಾರಿಹೋಯಿತು.

ಕಥೆ ಮುಗೀತು ಅಂದುಕೊಂಡೆಯಾ? ಕಷ್ಟ ಇದ್ದಿದ್ದು ಇಲ್ಲೇ. ಹೊರಗೆ ಬಂದವರಿಗೆ ಆಕಾಶ ಕಂಡರೆ ಭಯ. ಕಲ್ಲು ಹತ್ತಲು ಬರದು, ನರಿಯ ವಾಸನೆ ಗೊತ್ತಿಲ್ಲ. ಬೆಟ್ಟವೇ ಹೇಳಿತು, "ಧೂಳಜ್ಜೀ, ಇವರ ಅಜ್ಜಂದಿರು ನನ್ನವರು, ನಿಜ. ಆದರೆ ಇವರನ್ನ ಇಲ್ಲಿ ಬಿಟ್ಟರೆ ಸಂಜೆಯೊಳಗೆ ನರಿ ಪಾಲಾಗ್ತಾರೆ. ಯಾರದಾದರೂ ಮನೆ ನೋಡು."

ಧೂಳಜ್ಜಿ ಮನೆ ಮನೆ ಅಲೆದಳು. ಸುಮ್ಮನೆ ಕೊಡಲಿಲ್ಲ ಅವಳು. ಬಾಗಿಲಲ್ಲೇ ನಿಂತು ಮನೆಯವರ ಕೈ ನೋಡುತ್ತಿದ್ದಳು, ಅದು ಹಿಡಿಯುವ ಕೈಯೋ, ಕಾಯುವ ಕೈಯೋ ಅಂತ. ಮೊರಗಿವಿಯನ್ನು ಕಡೆಗೆ ಬೀಸುವ ಕಲ್ಲು ಕಡೆಯುವ ಕಲ್ಲವ್ವನ ಮನೆಯಲ್ಲಿ ಬಿಟ್ಟಳು. ಅಲ್ಲಿ ಕಲ್ಲುಪುಡಿ ಬೇಕಾದಷ್ಟು, ಹೊರಳಲು. ಕಲ್ಲವ್ವ ಮೊರಗಿವಿಯನ್ನು ಎತ್ತಲೂ ಇಲ್ಲ, ಕರೆಯಲೂ ಇಲ್ಲ. ಕೆಲಸ ಮುಗಿಸಿ, ಒಂದು ಕೈಯನ್ನು ನೆಲದ ಮೇಲೆ ಅಂಗಾತ ಇಟ್ಟು ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದಳು. ಎಷ್ಟು ದಿನ ಅಂದರೆ ನನಗೇನು ಗೊತ್ತು, ನಾನು ಅಲ್ಲಿ ಕೂತು ನೋಡುತ್ತಿದ್ದೆನಾ? ಒಂದು ಸಂಜೆ ಮೊರಗಿವಿ ಬಂದು ಆ ಕೈಯಲ್ಲೇ ನಿದ್ದೆ ಮಾಡಿದಳು. ಬೂದಿ ಹೋದ ಮೇಲೆ ಅದೇ ಅವಳ ಮೊದಲ ಒಳ್ಳೆಯ ನಿದ್ದೆ.

ಏನು? ಜೋರಾಗಿ ಹೇಳು. ನೀನೂ... ಊದಿದೆಯಾ?

ಅಂದುಕೊಂಡೆ. ಮೊಬೈಲಿನಲ್ಲಿ ಯಾರೋ ಊದಿದ್ದು ನೋಡಿ, ಹೂವಿನ ಹಾಗೆ ಅರಳುತ್ತೆ ಅಂತ ಆಸೆಯಾಯಿತಾ? ಅಯ್ಯೋ ನನ್ನ ಬಂಗಾರ. ನಿನ್ನ ಉಸಿರಲ್ಲಿ ಪ್ರೀತಿಯೇ ಇತ್ತು, ನನಗೆ ಗೊತ್ತು. ಅದಕ್ಕೆ ಹೇಗೆ ಗೊತ್ತಾಗಬೇಕು? ಅದು ಹುಟ್ಟಿದ ಜಾಗದಲ್ಲಿ ಊದಿದವರೆಲ್ಲ ಬೆನ್ನು ನೋಡಿದವರೇ.

ಅಳಬೇಡ. ತುಪ್ಪಳ ಮತ್ತೆ ಬೆಳೆಯುತ್ತೆ. ಅದು ಮೀಯೋಕೆ ಅಂತ ಚಿಕ್ಕಮ್ಮ ಕೊಟ್ಟ ಆ ಧೂಳಿನ ಬಟ್ಟಲು ಒಳಗಿಡು. ಗೂಡಿನ ಬಾಗಿಲು ತೆರೆದಿರಲಿ. ಅಂಗೈ ಮೇಲೆ ಮಾಡಿ ನೆಲಕ್ಕಿಡು. ಇನ್ನು ಸುಮ್ಮನಿರು. ಭಾನುವಾರದ ಮಾತು ಭಾನುವಾರಕ್ಕೆ.

ಶ್... ಕಿವಿ ಅಲುಗಿತು. ಬಟ್ಟಲಲ್ಲಿ ಹೇಗೆ ಹೊರಳುತ್ತಿದೆ ನೋಡು. ಈಗ ಇತ್ತ ತಿರುಗಿತು. ಕೈ ಎಳೀಬೇಡ, ಬರೀ ಮೂಸುತ್ತಿದೆ. ಓಡಿತಾ? ಓಡಲಿ ಬಿಡು.

ಮೊರಗಿವಿ ಅವತ್ತು ಕಲಿತಿದ್ದನ್ನ ಇವು ಇನ್ನೂ ಮರೆತಿಲ್ಲ ಕಣೇ. ಅದಕ್ಕೇ ಇವತ್ತಿಗೂ ಚಿಂಚಿಲ್ಲಾ ನೀರು ಬಿಟ್ಟು ಧೂಳಿನಲ್ಲಿ ಮೀಯುತ್ತೆ, ಹಿಡಿದವರ ಕೈಗೆ ತುಪ್ಪಳ ಕೊಟ್ಟು ಓಡುತ್ತೆ, ಕಾದವರ ಕೈಗೆ ಮಾತ್ರ, ನೋಡು ನೋಡು, ಈಗ ನಿನ್ನ ಕೈಗೆ ಬಂತಲ್ಲ, ಹಾಗೆ ತಿರುಗಿ ಬರುತ್ತೆ.